ಹಂಚಿನ ಕಾರ್ಖಾನೆಯ ಅಂಗಳದಲ್ಲಿ ಕೇಳಿದ ಗುಡುಗು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಮೆಲ್ಲಗೆ ಎದ್ದು ಹೊರಗೆ ಹೋಗಿಬಿಡುವವನು ನಾನು. ಸತ್ತವರು ಬಾಗಿಲು ಬಡಿದರು, ಕನಸಿನಲ್ಲಿ ಬಂದು ನೀರು ಕೇಳಿದರು ಎಂಬ ಕಥೆಗಳನ್ನು ನೆಂಟರ ಮನೆಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ, ಒಂದನ್ನೂ ನಂಬಿದವನಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಎರಕದ ಕಾರ್ಖಾನೆ ಇದೆ. ಪಂಪುಗಳ ಕವಚ, ಗಾಲಿ, ಇಂಥವನ್ನು ಎರಕ ಹೊಯ್ದು ಕೊಡುತ್ತೇವೆ. ಕಬ್ಬಿಣ ಸರಿಯಾಗಿ ಕಾದರೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಅದಕ್ಕೆ ಯಾರ ಹರಕೆಯೂ ಬೇಕಿಲ್ಲ. ಅಮಾವಾಸ್ಯೆಗೆ ಕೆಲಸಗಾರರು ಕುಲುಮೆಗೆ ಕಾಯಿ ಒಡೆದರೆ ಬೇಡ ಎನ್ನುತ್ತಿರಲಿಲ್ಲ. ಕೊಟ್ಟ ಕೊಬ್ಬರಿ ತಿಂದು ನನ್ನ ಕೆಲಸ ನೋಡಿಕೊಳ್ಳುತ್ತಿದ್ದೆ, ಅಷ್ಟೆ.

ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಮುಂದಿನದನ್ನು ಓದಿ ನೀವೂ ಎದ್ದು ಹೋದರೆ ನನಗೆ ಸಿಟ್ಟಿಲ್ಲ. ಇಂಥವೆಲ್ಲ ಕತ್ತಲಲ್ಲಿ, ಒಬ್ಬರೇ ಇದ್ದಾಗ ಆಗುತ್ತವೆ ಎನ್ನುತ್ತಾರೆ. ನನಗಾದದ್ದು ಮಧ್ಯಾಹ್ನದ ಬಿಸಿಲಿನಲ್ಲಿ, ಬಹಳಷ್ಟು ಜನರ ನಡುವೆ. ಅಲ್ಲಿ ನಡೆಯುತ್ತಿದ್ದ ನಾಟಕದಲ್ಲಿ ಮಾತ್ರ ಆಗ ರಾತ್ರಿಯಾಗಿತ್ತು.

ನಮಗೆ ಒಬ್ಬಳೇ ಮಗಳು, ಮುಕ್ತಾ. ಬೆಳಗಾವಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಸದಾಶಿವನಗರದ ನಮ್ಮ ಮನೆಯಲ್ಲಿ ನಮ್ಮ ಜೊತೆಗೇ ಇದ್ದಳು. ಹೆಂಡತಿ ಸುನಂದಾ ಮದುವೆಯ ಮಾತು ತೆಗೆದಾಗಲೆಲ್ಲ "ಈ ನಾಟಕ ಒಂದ್ ಮುಗೀಲವ್ವಾ" ಎನ್ನುತ್ತಿದ್ದಳು. ಒಂದು ಮುಗಿದರೆ ಇನ್ನೊಂದು ಇರುತ್ತಿತ್ತು. ಅವಳೂ ಅವಳ ಕಾಲೇಜಿನ ಶ್ರೀಧರ ಎಂಬ ಮೇಷ್ಟ್ರೂ ಸೇರಿ ವಿದ್ಯಾರ್ಥಿನಿಯರ ಒಂದು ತಂಡ ಕಟ್ಟಿದ್ದರು. ನಾಟಕ ನೋಡುವುದು ನನಗೆ ಅಭ್ಯಾಸವಿರಲಿಲ್ಲ. ಮಗಳದು ಎಂದು ಹೋಗಿ ಕೂರುತ್ತಿದ್ದೆ, ಒಮ್ಮೊಮ್ಮೆ ತೂಕಡಿಸುತ್ತಿದ್ದೆ. ಅದನ್ನು ಅವಳು ವೇದಿಕೆಯಿಂದಲೇ ನೋಡಿ ಮನೆಗೆ ಬಂದು ನಗುತ್ತಿದ್ದಳು.

ಆ ವರ್ಷ ಅವಳ ತಲೆಯಲ್ಲಿ ಹೊಸ ಹುಚ್ಚು ಹೊಕ್ಕಿತ್ತು. ನಾಲ್ಕು ಶತಮಾನಗಳ ಹಿಂದೆ ಇಂಗ್ಲೆಂಡಿನಲ್ಲಿ ನಾಟಕ ಹೇಗೆ ಆಡುತ್ತಿದ್ದರೋ ಹಾಗೆಯೇ ಇಲ್ಲಿ ಆಡಬೇಕು ಎಂಬುದು. ಊಟಕ್ಕೆ ಕೂತಾಗ ಅದೇ ಮಾತು. ಆಗಿನ ರಂಗಮಂದಿರಕ್ಕೆ ನಡುವೆ ಚಾವಣಿಯೇ ಇರುತ್ತಿರಲಿಲ್ಲವಂತೆ. ಆಟ ಮಧ್ಯಾಹ್ನವೇ. ದೀಪವಿಲ್ಲ, ಮುಂದೆ ಪರದೆಯಿಲ್ಲ, ಕಾಡು ಅರಮನೆ ಬರೆದ ಸೀನುಗಳಿಲ್ಲ. ಕಡಿಮೆ ದುಡ್ಡಿನವರು ವೇದಿಕೆಯ ಮೂರು ಕಡೆ ನಿಂತು ನೋಡುತ್ತಿದ್ದರು, ಉಳಿದವರು ಸುತ್ತಲಿನ ಅಟ್ಟಣಿಗೆಗಳಲ್ಲಿ. ನಟರಿಗೆ ಪೂರ್ತಿ ನಾಟಕವನ್ನು ಕೊಡುತ್ತಲೇ ಇರಲಿಲ್ಲ. ಅವರವರ ಮಾತು ಮತ್ತು ಅದಕ್ಕೆ ಮುಂಚೆ ಬೇರೆಯವರು ಆಡುವ ಕೊನೆಯ ಎರಡು ಮೂರು ಶಬ್ದ, ಅಷ್ಟೇ ಅವರ ಕೈಗೆ. ಆ ಶಬ್ದ ಕಿವಿಗೆ ಬೀಳುವವರೆಗೆ ಕಾಯಬೇಕು, ಬಿದ್ದ ತಕ್ಷಣ ತಮ್ಮ ಮಾತು ಆಡಬೇಕು.

"ಹಗಲೊತ್ತಿನ್ಯಾಗ ರಾತ್ರಿ ಹೆಂಗ ತೋರಸ್ತಿದ್ರು?" ಎಂದು ಸುನಂದಾ ಕೇಳಿದಳು.

"ಕಂದೀಲು ಹಿಡಕೊಂಡು ಒಬ್ಬಾಂವ ಬಂದ್ರ ರಾತ್ರಿ ಆದಂಗ, ಅವ್ವಾ. ಜನ ನಂಬತಿದ್ರು."

ಅಲ್ಲಿ ಹೆಂಗಸರ ಪಾತ್ರವನ್ನು ಹುಡುಗರು ಮಾಡುತ್ತಿದ್ದರಂತೆ. ಇವಳು ಅದನ್ನು ತಿರುಗಿಸಿ, ಗಂಡಸರ ಪಾತ್ರಗಳನ್ನೂ ಹುಡುಗಿಯರ ಕೈಯಲ್ಲೇ ಮಾಡಿಸುತ್ತೇನೆ ಎಂದಳು. ನಾಟಕ ಅವಳೇ ಬರೆದದ್ದು. ಒಬ್ಬ ಅಂಬಿಗ, ಹೊಳೆ ತುಂಬಿದ ರಾತ್ರಿ, ಆಚೆ ದಡದಿಂದ ಒಬ್ಬಳು ಕರೆಯುತ್ತಾಳೆ, ದೋಣಿ ಬಿಡಬೇಕೋ ಬೇಡವೋ ಎಂಬುದು ಕಥೆ. ಆಡುವ ಜಾಗವೂ ಸಿಕ್ಕಿತು. ಸುನಂದಾಳ ತವರು ಖಾನಾಪುರ. ಅಲ್ಲಿ ಅವಳ ಅಣ್ಣ ದತ್ತಾನ ಮನೆಯ ಹಿಂದೆ ಅವರದೇ ಹಳೆಯ ಹಂಚಿನ ಕಾರ್ಖಾನೆ ಮುಚ್ಚಿಕೊಂಡು ಬಿದ್ದಿತ್ತು. ನಡುವೆ ಬಯಲು ಅಂಗಳ, ಸುತ್ತಲೂ ಹಸಿ ಹಂಚು ಒಣಗಿಸುತ್ತಿದ್ದ ಎರಡಂತಸ್ತಿನ ಮರದ ಅಟ್ಟಣಿಗೆ. ಮುಕ್ತಾ ಅದನ್ನು ಚಿಕ್ಕಂದಿನಿಂದ ನೋಡಿದವಳೇ. ಆದರೆ ಆ ವರ್ಷ ಅಂಗಳದ ನಡುವೆ ನಿಂತು ಸುತ್ತ ತಿರುಗಿ ನೋಡಿ, "ಮಾಮಾ, ನಿಮ್ಮಜ್ಜ ನನಗಂತನ ಥಿಯೇಟರ್ ಕಟ್ಟ್ಯಾರ" ಎಂದಳಂತೆ. ದತ್ತಾ ಈಗಲೂ ಆ ಮಾತು ಹೇಳುತ್ತಾನೆ, ಪೂರ್ತಿ ಹೇಳಲು ಆಗದೆ ನಡುವೆ ನಿಲ್ಲಿಸುತ್ತಾನೆ.

ಅಂಗಳದ ಒಂದು ಬದಿಗೆ ಹಲಗೆಯ ವೇದಿಕೆ ಬಂತು. ಅದರ ಮೇಲೆ ಎರಡು ಕಂಬದ ಆಸರೆಯಲ್ಲಿ ಒಂದು ಅಟ್ಟ. ಅಟ್ಟದ ತಳಕ್ಕೆ ಹುಡುಗಿಯರು ನೀಲಿ ಬಣ್ಣ ಬಳಿದು ಸೂರ್ಯ, ಚಂದ್ರ, ನಕ್ಷತ್ರ ಬರೆದರು. ಇಂಗ್ಲೆಂಡಿನವರು ಅದಕ್ಕೆ ಸ್ವರ್ಗ ಎನ್ನುತ್ತಿದ್ದರಂತೆ. ಆ ಸ್ವರ್ಗದ ಮೇಲೆ, ಜನರಿಗೆ ಕಾಣದಂತೆ ಒಬ್ಬರು ಕೂತು ಗುಡುಗು ಮಾಡುತ್ತಿದ್ದರು. ಮುಕ್ತಾ ನನ್ನ ಹತ್ತಿರ ಬಂದದ್ದು ಈ ಗುಡುಗಿಗಾಗಿ.

"ಅಪ್ಪಾ, ಒಂದ್ ಕಬ್ಬಿಣದ ಗುಂಡು ಎರಕ ಹೊಯ್ದ ಕೊಡು. ಮರದ ಕಾಲುವಿಯೊಳಗ ಉರುಳಿಸಬೇಕು. ಖರೇ ಗುಡುಗಿನಂಗ ಕೇಳಸ್ತದ."

ಹಾಗೆ ನಾನು ನನ್ನ ಜೀವಮಾನದಲ್ಲಿ ಮೊದಲ ಸಲ ಗುಡುಗು ಎರಕ ಹೊಯ್ದೆ. ಮೊದಲ ಗುಂಡು ತೀರ ನುಣುಪಾಯಿತು. ಶೆಡ್ಡಿನಲ್ಲೇ ಹಲಗೆ ಜೋಡಿಸಿ ಉರುಳಿಸಿದೆವು. ಅವಳು ಕಿವಿಗೊಟ್ಟು ಕೇಳಿ, "ಬಾಜೂಕ ಸ್ಕೂಟರ್ ಹೋದಂಗಾತು" ಎಂದಳು. ಮೈ ಒರಟಾಗಿರುವ ಇನ್ನೊಂದು ಮಾಡಿದೆ, ಇನ್ನೂ ಭಾರದ್ದು. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಕಟ್ಟಿಗೆಯ ಪಟ್ಟಿ ಹೊಡೆದೆವು, ಗುಂಡು ಎಡವುತ್ತ ಹೋಗಲಿ ಎಂದು. ಕಾರ್ಖಾನೆಯ ಕೆಲಸ ನಿಂತುಹೋಗಿತ್ತು. ಕೆಲಸಗಾರರೆಲ್ಲ ಸುತ್ತ ನಿಂತು, ಇನ್ನಷ್ಟು ಎತ್ತರಿಸಿರಿ, ಇಳಿಸಿರಿ ಎಂದು ಸಲಹೆ ಕೊಡುತ್ತಿದ್ದರು. ಆ ದಿನ ನಾನು ನಕ್ಕಷ್ಟು ಆ ಶೆಡ್ಡಿನಲ್ಲಿ ಎಂದೂ ನಕ್ಕಿಲ್ಲ.

ಕೊನೆಗೆ ಅವಳು ವೆಲ್ಡಿಂಗಿನ ದಪ್ಪ ಕೈಗವಸು ತೊಟ್ಟು ಒಂದು ಉಪಾಯ ಹೂಡಿದಳು. ಉರುಳುತ್ತಿದ್ದ ಗುಂಡನ್ನು ನಡುದಾರಿಯಲ್ಲಿ ಅಂಗೈಯಿಂದ ತಡೆದು ಹಿಡಿದಳು. ಶೆಡ್ಡಿನಲ್ಲಿ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಬಿಟ್ಟಳು. ಗುಂಡು ಧಡಧಡ ಇಳಿದು ಕೊನೆಯ ಹಲಗೆಗೆ ಬಡಿದಾಗ ಎಲ್ಲರ ಎದೆ ನಡುಗಿತು.

"ಗುಡುಗು ನಡುವ ಉಸಿರು ತಗೋತೈತಿ ಅಪ್ಪಾ. ಕೇಳಿ ನೋಡಿಲ್ಲೇನ ನೀ?"

ನಾನು ಕೇಳಿ ನೋಡಿರಲಿಲ್ಲ. ಅವಳು ಹೇಳಿದ ಮೇಲೆ ಮಳೆ ಬಂದಾಗಲೆಲ್ಲ ಕೇಳುತ್ತಿದ್ದೆ. ಹುಡುಗಿಯರೂ ಹಾಗೆ ತಡೆಯಲು ಹೋದರು, ಕೈ ಜಾರಿತು, ಹೆದರಿದರು. ಗುಡುಗಿನ ಕೆಲಸ ತನ್ನದೇ ಎಂದು ಮುಕ್ತಾ ಅಟ್ಟದ ಮೇಲಿನ ಜಾಗ ತಾನೇ ಹಿಡಿದಳು. ಕಾಲುವೆಯನ್ನು ಖಾನಾಪುರಕ್ಕೆ ಒಯ್ದು ಅಟ್ಟಕ್ಕೆ ಏರಿಸಿ ಮೊಳೆ ಹೊಡೆದೆವು. ಗುಂಡು ಮಾತ್ರ ನನ್ನ ಶೆಡ್ಡಿನಲ್ಲೇ ಉಳಿಯಿತು, ಆಟದ ಹೊತ್ತಿಗೆ ತಂದರಾಯಿತು ಎಂದು.

ಮಳೆಗಾಲ ಮುಗಿಯುತ್ತಿದ್ದಂತೆ ಅವಳಿಗೆ ಜ್ವರ ಬಂತು. ಡೆಂಗಿ ಎಂದರು. ಊರಲ್ಲಿ ಎಷ್ಟೋ ಜನರಿಗೆ ಬಂದು ಹೋಗಿತ್ತು, ಇವಳಿಗೂ ಬಂದು ಹೋಗುತ್ತದೆ ಎಂದುಕೊಂಡೆವು. ಆಸ್ಪತ್ರೆಯ ಮಂಚದ ಮೇಲೆ ಕೂತು ಹುಡುಗಿಯರಿಗೆ ಫೋನಿನಲ್ಲೇ ಮಾತು ಹೇಳಿಕೊಡುತ್ತಿದ್ದಳು. ಆಮೇಲೆ ಫೋನು ಕೈಯಲ್ಲಿ ನಿಲ್ಲದಾಯಿತು. ದಸರೆಗೆ ಮುಂಚೆ ಹೋಗಿಬಿಟ್ಟಳು. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಹೋದ ಮೇಲೆ ಮನೆಯಲ್ಲಿ ನಾವಿಬ್ಬರೂ ಮಾತು ಬಿಟ್ಟೆವು. ಜಗಳವಾಗಿ ಅಲ್ಲ. ಏನು ಮಾತಾಡಿದರೂ ಅದು ಅವಳ ಹತ್ತಿರ ಹೋಗಿ ನಿಲ್ಲುತ್ತಿತ್ತು, ಅದಕ್ಕೆ. ಸುನಂದಾ ಅಡಿಗೆ ಮಾಡುವಳು, ನಾನು ಉಂಡು ಕಾರ್ಖಾನೆಗೆ ಹೋಗುವೆನು. ಅಲ್ಲಿ ಹೋದರೆ ಬಾಗಿಲ ಬಳಿ ಆ ಗುಂಡು. ಒಂದು ದಿನ ತಡೆಯಲಾಗಲಿಲ್ಲ. ಅದನ್ನು ಎತ್ತಿ ಕುಲುಮೆಗೆ ಹಾಕಿ ಕರಗಿಸಿಬಿಟ್ಟೆ. ಅದು ಯಾವ ಯಾವ ಪಂಪಿನ ಕವಚದಲ್ಲಿ ಸೇರಿ ಯಾವ ಊರಿಗೆ ಹೋಯಿತೋ ನನಗೆ ಗೊತ್ತಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಶ್ರೀಧರ ಮನೆಗೆ ಬಂದ. ಹುಡುಗಿಯರು ನಾಟಕ ಆಡಿಯೇ ತೀರಬೇಕು ಎನ್ನುತ್ತಿದ್ದಾರೆ, ನೀವು ಹೂಂ ಅನ್ನಬೇಕು ಎಂದ. ನಾನು ಹೂಂ ಎಂದೆ. ಗುಂಡು ಕೇಳಿದ. ಕರಗಿಸಿದೆ ಎಂದು ಹೇಳಿದೆ. ಅವನು, "ಇರಲಿ ಬಿಡ್ರಿ ಸರ, ಆಗ ಇಂಗ್ಲೆಂಡಿನವ್ರು ಗುಡುಗಿಗೆ ನಗಾರೀನೂ ಬಾರಿಸ್ತಿದ್ರಂತ ಮುಕ್ತಾ ಹೇಳಿದ್ಲು. ನಾವು ಡೊಳ್ಳು ಬಾರಿಸೂಣು" ಎಂದ. ಖಾನಾಪುರದ ಹತ್ತಿರದ ಹಳ್ಳಿಯ ಯಲ್ಲಪ್ಪ ಎಂಬ ಡೊಳ್ಳಿನವನನ್ನು ಗೊತ್ತುಮಾಡಿದರು. ಅವನು ಕುರಿ ಸಾಕುವ ಮನೆತನದವನು, ಈಗ ಬೆಳಗಾವಿ ದಾರಿಯ ಮಚ್ಛೆಯಲ್ಲಿ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಮುಕ್ತಾಳನ್ನು ಎಂದೂ ಕಂಡವನಲ್ಲ. ನಮ್ಮ ಶೆಡ್ಡಿನ ಗುಡುಗನ್ನು ಕೇಳಿದವನೂ ಅಲ್ಲ.

ಆಟದ ದಿನ ಸುನಂದಾ ಖಾನಾಪುರಕ್ಕೇನೋ ಬಂದಳು, ಅಂಗಳಕ್ಕೆ ಬರಲಿಲ್ಲ. "ನೀವು ಹೋಗ್ರಿ. ನನ್ನ ಕಡಿಂದ ಆಗೂದಿಲ್ಲ" ಎಂದು ಅಣ್ಣನ ಮನೆಯ ಹಿತ್ತಲಲ್ಲಿ ಅಕ್ಕಿ ಆರಿಸುತ್ತ ಕೂತಳು. ಹಿತ್ತಲಿಗೂ ಅಂಗಳಕ್ಕೂ ನಡುವೆ ಒಂದು ಗೋಡೆ, ಅದರಲ್ಲೊಂದು ಸಣ್ಣ ಬಾಗಿಲು.

ನಾನು ವೇದಿಕೆಯ ಹತ್ತಿರವೇ ನಿಂತೆ. ಕೂರಲು ಕುರ್ಚಿ ಕೊಟ್ಟರು, ಬೇಡವೆಂದೆ. ಬಿಸಿಲು ಜೋರಾಗಿತ್ತು, ಆಕಾಶದಲ್ಲಿ ಒಂದೂ ಮೋಡವಿರಲಿಲ್ಲ. ಅಟ್ಟಣಿಗೆಗಳ ತುಂಬ ಜನ, ಕನ್ನಡ ಮರಾಠಿ ಎರಡೂ ಕಿವಿಗೆ ಬೀಳುತ್ತಿದ್ದವು. ದೀಪ ಆರಿಸುವುದಿಲ್ಲವಾದ್ದರಿಂದ ನಟಿಯರ ಮುಖ ನಮಗೆ ಕಾಣುವಷ್ಟೇ ನಮ್ಮ ಮುಖಗಳೂ ಅವರಿಗೆ ಕಾಣುತ್ತಿದ್ದವು. ಅಂಬಿಗನಾಗಿದ್ದ ಹುಡುಗಿಯ ಹೆಸರು ಪೂರ್ಣಿಮಾ. ದಪ್ಪ ಮೀಸೆ ಬರೆದುಕೊಂಡು, ಕಂಬಳಿ ಹೊದ್ದು ನಿಂತಿದ್ದಳು. ಆಗಾಗ ನನ್ನನ್ನು ನೋಡುತ್ತಿದ್ದಳು. ನಾನು ತೂಕಡಿಸಬಾರದೆಂದು ಕಣ್ಣು ಅಗಲಿಸಿಕೊಂಡೇ ನಿಂತಿದ್ದೆ. ಆ ದಿನ ನಿದ್ದೆ ಎಲ್ಲಿಂದ ಬರಬೇಕು?

ಒಬ್ಬಳು ಹೊತ್ತಿಸಿದ ಕಂದೀಲು ಹಿಡಿದು ಬಂದಳು. ಆ ಬಿಸಿಲಿನಲ್ಲಿ ಅದರ ಕುಡಿ ಕಾಣುತ್ತಲೂ ಇರಲಿಲ್ಲ. ಆದರೆ ಜನ ಸುಮ್ಮನಾದರು. ರಾತ್ರಿಯಾಯಿತು ಎಂದು ಎಲ್ಲರಿಗೂ ತಿಳಿಯಿತು. ಅಂಬಿಗ ದೋಣಿಯನ್ನು ಗೂಟಕ್ಕೆ ಕಟ್ಟಿ, "ಇವತ್ತ ಹೊಳಿ ಯಾರ ಮಾತೂ ಕೇಳೂದಿಲ್ಲ" ಎಂದ. ಗುಡುಗಿಗೆ ಅದೇ ಸೂಚನೆ. ಆಮೇಲೆ ಆಚೆ ದಡದವಳು "ಅಂಬಿಗಾ" ಎಂದು ಕೂಗಬೇಕು.

ಆಗ ನಾನು ಕೇಳಿದೆ. ಡೊಳ್ಳಲ್ಲ. ತಲೆಯ ಮೇಲಿನ ಅಟ್ಟದಲ್ಲಿ ಭಾರವಾದದ್ದೊಂದು ಎಡವುತ್ತ ಉರುಳಿತು. ನಡುವೆ ನಿಂತಿತು. ಎಲ್ಲ ಸದ್ದೂ ನಿಂತಿತು. ಆಮೇಲೆ ಧಡಧಡನೆ ಇಳಿದು ಕೊನೆಯ ಹಲಗೆಗೆ ಬಡಿಯಿತು. ನನ್ನ ಕಾಲ ಕೆಳಗಿನ ಮಣ್ಣು ಅದುರಿದ್ದು ನನಗೆ ಗೊತ್ತಾಯಿತು.

ನಾನು ಮೇಲೆ ನೋಡಿದೆ. ಪೂರ್ಣಿಮಾ ಮೇಲೆ ನೋಡುತ್ತಿದ್ದಳು. ಆಚೆ ದಡದ ಹುಡುಗಿ ಇನ್ನೂ ಬಾಯಿ ತೆರೆದಿರಲಿಲ್ಲ. ಅಷ್ಟರಲ್ಲಿ ಗೋಡೆಯ ಸಣ್ಣ ಬಾಗಿಲು ದಡಾರನೆ ತೆರೆಯಿತು. ಸುನಂದಾ ಬರಿಗಾಲಿನಲ್ಲಿ ಓಡಿ ಬರುತ್ತಿದ್ದಳು. ಸೆರಗಿನಿಂದ ಅಕ್ಕಿ ಉದುರುತ್ತಿತ್ತು. ನಿಂತಿದ್ದ ಜನರನ್ನು ಎರಡೂ ಕೈಯಿಂದ ಸರಿಸಿಕೊಂಡು ನೇರ ವೇದಿಕೆಯ ಮೇಲೆ ಹತ್ತಿದಳು. ಇದೂ ನಾಟಕವೇ ಎಂದುಕೊಂಡು ಜನ ದಾರಿ ಬಿಟ್ಟರು. ಅವಳು ಬಣ್ಣ ಬಳಿದ ಆ ಆಕಾಶದ ಕೆಳಗೆ ನಿಂತು ಕತ್ತೆತ್ತಿ ಕರೆದಳು.

"ಮುಕ್ತಾ, ಇಳದ ಬಾರವ್ವಾ. ಸಾಕಿನ್ನ. ಇಳದ ಬಾ."

ನನಗೆ ಬೇರೇನೂ ತೋಚದೆ ವೇದಿಕೆಯ ಹಿಂದಿನ ಏಣಿ ಹತ್ತಿದೆ. ಅಟ್ಟದಲ್ಲಿ ನಾವು ಮೊಳೆ ಹೊಡೆದು ಕೂರಿಸಿದ್ದ ಕಾಲುವೆ ಹಾಗೆಯೇ ಇತ್ತು. ಅದರ ತಳದಲ್ಲಿ ತಿಂಗಳುಗಳ ಧೂಳು ಕೆದರದೆ ಕೂತಿತ್ತು. ಮತ್ತೇನೂ ಇರಲಿಲ್ಲ. ನಾನು ಅಂಗೈಯಿಂದ ಕೊನೆಯ ಹಲಗೆಯನ್ನು ಮುಟ್ಟಿ ನೋಡಿದೆ, ಅದು ಬಿಸಿಲಿಗೆ ಕಾದಿತ್ತು, ಅಷ್ಟೆ. ಕೆಳಗಿನಿಂದ ಸುನಂದಾ ಕೇಳಿದಳು.

"ಅದಾಳೇನ್ರಿ?"

ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಎಷ್ಟೋ ಪ್ರಶ್ನೆ ಕೇಳಿದ್ದಾಳೆ. ಇದಕ್ಕೆ ಉತ್ತರ ಕೊಡುವುದು ಕಷ್ಟವಾದಷ್ಟು ಯಾವುದಕ್ಕೂ ಆಗಿರಲಿಲ್ಲ.

"ಇಲ್ಲ ಸುನಂದಾ" ಎಂದೆ.

ಪೂರ್ಣಿಮಾ ಮೀಸೆ ಒರೆಸಿಕೊಂಡು ಸುನಂದಾಳನ್ನು ತಬ್ಬಿ ಹಿಡಿದು ಅಲ್ಲೇ ಕೂತುಬಿಟ್ಟಳು. ನಾಟಕ ಮುಂದುವರಿಯಲಿಲ್ಲ. ಶ್ರೀಧರ ಬಂದು ಜನರಿಗೆ ಕೈಮುಗಿದ. ಅವರು ಒಬ್ಬರ ಹಿಂದೊಬ್ಬರು ಹೊರಟುಹೋದರು.

ಆಮೇಲೆ ನಾನು ಸುಮ್ಮನಿರಲಿಲ್ಲ. ಮೊದಲು ಯಲ್ಲಪ್ಪನನ್ನು ಕೇಳಿದೆ. ಅವನು ವೇದಿಕೆಯ ಹಿಂದೆ ಡೊಳ್ಳಿನ ಮುಂದೆ ಬೆವರಿ ಕೂತಿದ್ದ. "ನಾ ಬಾರಿಸ್ಲೇ ಇಲ್ಲರಿ ಸಾಹೇಬ್ರ. ಕೈ ಎತ್ತಿದ್ದೆ, ಅಷ್ಟರಾಗ ಮ್ಯಾಲಿಂದ ಬಂತು. ಬ್ಯಾರೆ ಯಾರಿಗ್ಯರ ಹೇಳ್ಯಾರ ಅಂತ ತಿಳಕೊಂಡೆ" ಎಂದ. ಹೇಗೆ ಬಂತು ಎಂದೆ. "ಒಮ್ಮೆ ಬಂದು ನಡುವ ನಿಂತತ್ರಿ. ಆಮ್ಯಾಲ ದೊಡ್ಡದಾತು" ಎಂದ.

ಶ್ರೀಧರ ತನಗೆ ಏನೂ ಕೇಳಿಸಲಿಲ್ಲ ಎಂದ. ಪೂರ್ಣಿಮಾ, ಏನೋ ಕೇಳಿದಂತಾಯಿತು, ಆದರೆ ಗುಡುಗಿಗಾಗಿ ಕಾಯುತ್ತಿದ್ದುದರಿಂದ ಹಾಗನಿಸಿರಬಹುದು ಎಂದಳು. ಹತ್ತಿರದ ರೈಲು ಹಳಿಯ ಮೇಲೆ ಗೂಡ್ಸ್ ಗಾಡಿಯೇನಾದರೂ ಹೋಯಿತೇ ಎಂದು ದತ್ತಾನನ್ನು ಕೇಳಿದೆ. ಆ ಹೊತ್ತಿಗೆ ಯಾವುದೂ ಇಲ್ಲ ಎಂದ. ಒಬ್ಬ ಹುಡುಗಿ ಅಟ್ಟಣಿಗೆಯಿಂದ ಇಡೀ ಆಟವನ್ನು ಮೊಬೈಲಿನಲ್ಲಿ ಹಿಡಿದಿದ್ದಳು. ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಂಬಿಗ ತನ್ನ ಮಾತು ಮುಗಿಸುತ್ತಾನೆ. ಆಮೇಲೆ ಸದ್ದೇ ಇಲ್ಲ, ದೂರದಲ್ಲೊಂದು ಕಾಗೆ ಮಾತ್ರ. ಆ ಸದ್ದಿಲ್ಲದ ಹೊತ್ತಿನಲ್ಲಿ ವೇದಿಕೆಯ ಮೇಲಿನವರು, ಕೆಳಗೆ ನಿಂತವರು, ಅಟ್ಟಣಿಗೆಯವರು, ಎಲ್ಲರೂ ಮುಖ ಎತ್ತಿ ಮೇಲೆ ನೋಡುತ್ತಾರೆ. ಡೊಳ್ಳಿನ ಗುಡುಗು ಬಾರದೆ ಹೋದದ್ದಕ್ಕೆ ಪೂರ್ಣಿಮಾ ಮೇಲೆ ನೋಡಿದಳು, ಅವಳನ್ನು ಕಂಡು ಜನ ನೋಡಿದರು ಎಂಬುದು ಶ್ರೀಧರನ ವಿವರಣೆ. ಇರಬಹುದು. ಅದು ಸರಿಯಾದ ವಿವರಣೆಯೇ ಇರಬಹುದು. ಆದರೆ ಯಲ್ಲಪ್ಪ ಹೇಳಿದ, ಗುಡುಗು ನಡುವೆ ನಿಂತ ಮಾತು?

ಸಂಜೆ ಕಾರಿನಲ್ಲಿ ವಾಪಸು ಹೊರಟೆವು. ಸುನಂದಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮಚ್ಛೆಯ ಹತ್ತಿರ ಫ್ಯಾಕ್ಟರಿ ಬಿಟ್ಟು ಬೈಕುಗಳು ರಸ್ತೆ ತುಂಬಿಕೊಂಡಿದ್ದವು, ನಿಲ್ಲಬೇಕಾಯಿತು. ಅಲ್ಲಿ ಧೈರ್ಯ ಮಾಡಿ ಕೇಳಿದೆ.

"ನಿನಗೂ ಕೇಳಿಸ್ತಲ್ಲ, ಗುಡುಗು?"

ಅವಳು ತಿರುಗಿ ನೋಡಿದಳು. "ಯಾವ ಗುಡುಗು?"

"ಮತ್ತ ಯಾಕ ಓಡಿ ಬಂದಿ?"

"ಆಕಿ ಕರದ್ಲಲ್ಲರೀ" ಎಂದಳು, ನನಗೆ ಗೊತ್ತಿರಬೇಕಾದ ಮಾತನ್ನು ನಾನು ಕೇಳುತ್ತಿದ್ದೇನೆ ಎಂಬಂತೆ. "ಅವ್ವಾ, ಬಾ ಇಲ್ಲೆ, ನೋಡು ಬಾ ಅಂದ್ಲು. ಸಾಲಿಯಿಂದ ಬಂದ ಕೂಡ್ಲೇ ಒದರತಿದ್ಲಲ್ಲ, ಹಂಗ."

ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ನಾನು ಗಾಡಿ ಬಿಟ್ಟೆ. ಆಚೆ ದಡದ ಹುಡುಗಿಯ ಕೂಗು ಗೋಡೆ ದಾಟಿ ಹಾಗೆ ಕೇಳಿಸಿರಬಹುದೇ ಎಂದು ಮನಸ್ಸು ಲೆಕ್ಕ ಹಾಕತೊಡಗಿತು. ಆದರೆ ಆ ಹುಡುಗಿ ಕೂಗಿರಲೇ ಇಲ್ಲ.

ಇದಾಗಿ ಕೆಲವು ವರ್ಷಗಳಾದವು. ಈಗ ನಾವಿಬ್ಬರೂ ಮಾತಾಡುತ್ತೇವೆ. ಸುನಂದಾಗೆ ಆ ದಿನದ ಬಗ್ಗೆ ಯಾವ ಗೊಂದಲವೂ ಇಲ್ಲ. ಮಗಳು ಕರೆದಳು, ತಾನು ಹೋದೆ, ಅಷ್ಟರಲ್ಲಿ ಅವಳು ಹೊರಟುಹೋಗಿದ್ದಳು ಎನ್ನುತ್ತಾಳೆ. ಗೊಂದಲವೆಲ್ಲ ನನ್ನದು. ಒಂದೇ ಕ್ಷಣದಲ್ಲಿ ಗೋಡೆಯ ಈಚೆ ನನಗೆ ಒಂದು ಕೇಳಿಸಿತು, ಆಚೆ ಅವಳಿಗೆ ಇನ್ನೊಂದು. ಬಹಳ ಜನರಿಗೆ ಏನೂ ಕೇಳಿಸಲಿಲ್ಲ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ನನಗೆ ತಿಳಿದಿಲ್ಲ. ತಿಳಿದವರು ಹೇಳಿದರೂ ನಂಬುತ್ತೇನೋ ಇಲ್ಲವೋ.

ನಿಜ ಹೇಳಬೇಕೆಂದರೆ ನನ್ನನ್ನು ಕೊರೆಯುವುದು ಅದಲ್ಲ. ಅವ್ವನನ್ನು ಕರೆದವಳು ನನ್ನನ್ನು ಯಾಕೆ ಕರೆಯಲಿಲ್ಲ ಎಂಬುದು. ಇದನ್ನು ನಾನು ಸುನಂದಾಳ ಮುಂದೆ ಎಂದೂ ಬಾಯಿಬಿಟ್ಟು ಹೇಳಿಲ್ಲ. ಆದರೆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಒಮ್ಮೊಮ್ಮೆ, "ಆವತ್ತ ಏನಂದ್ಲು, ಹೇಳು" ಎಂದು ಕೇಳುತ್ತೇನೆ. ಅವಳು ಬೇಸರಿಸದೆ ಹೇಳುತ್ತಾಳೆ. ಈಚೆಗೆ ಹೇಳುವಾಗ ಹೀಗೆ ಹೇಳುತ್ತಾಳೆ: "ಅವ್ವಾ, ಬಾ ಇಲ್ಲೆ, ನೋಡು ಬಾ. ಅಪ್ಪನ್ನೂ ಕರಕೊಂಡು ಬಾ, ಅಂದ್ಲು."

ಕಾರಿನಲ್ಲಿ ಅವಳು ಈ ಕೊನೆಯ ಮಾತು ಹೇಳಿರಲಿಲ್ಲ. ಅಂದು ಮರೆತಿದ್ದಳೋ, ನನಗಾಗಿ ಈಗ ಸೇರಿಸಿದ್ದಾಳೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ. "ಇನ್ನೊಮ್ಮೆ ಹೇಳು" ಎನ್ನುತ್ತೇನೆ. ಅವಳು ಹೇಳುತ್ತಾಳೆ.